ಏಳನೆಯ ಎಲೆ

ಡಾಬಕಾ, ತಾ. ಔರಾದ
24 ನವೆಂಬರ್ 2002

ತಮ್ಮ ನರಸಿಂಗನಿಗೆ ಅಕ್ಕ ಕೇಶರಬಾಯಿಯ ಜೈ ಭೀಮ.

ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ. ಮೊದಲು ಕನಸು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದೆ ಹೋಗುವುದಿಲ್ಲ. ಊರ ದನ ಮೇಯುವ ಗಾಯರಾಣದಲ್ಲಿ ನೀನು ಹೇಳಿದಂತೆ ನಾನು ಬಾರಿ ಗಿಡಗಳಿಗೆ, ನಿಮ್ಮ ಕಾಲೇಜಿನವರು ಬೋರೆ ಎನ್ನುತ್ತಾರಲ್ಲ ಅವಕ್ಕೆ, ಕಟ್ಟಿದ್ದೆನಲ್ಲ ತಗಡಿನ ನಂಬರು, ಅವೆಲ್ಲ ಉದುರಿ ಬಿದ್ದಿದ್ದವು. ನಾನು ಉಡಿಯಲ್ಲಿ ತುಂಬಿಕೊಂಡು ಒಂದೊಂದು ಗಿಡದ ಮುಂದೆ ನಿಂತು "ನಿಂದು ಯಾವುದವ್ವಾ?" ಎಂದು ಕೇಳುತ್ತಿದ್ದೆ. ಒಂದೂ ಬಾಯಿ ಬಿಡಲಿಲ್ಲ. ಇಪ್ಪತ್ತೇಳನೆಯ ನಂಬರು ಮಾತ್ರ ನನ್ನ ಕೊರಳಲ್ಲೇ ಇತ್ತು. ತೆಗೆಯಲು ಹೋದರೆ ತಂತಿ ಬಿಗಿಯುತ್ತಿತ್ತು. ಎದ್ದವಳೇ ಮುಖ ಕೂಡ ತೊಳೆಯದೆ ಗಾಯರಾಣಕ್ಕೆ ಹೋದೆ. ನಂಬರುಗಳೆಲ್ಲ ಇದ್ದಲ್ಲೇ ಇದ್ದವು. ಆದರೂ ಎರಡು ಸಲ ಎಣಿಸಿದೆ. ಮೂವತ್ತೊಂದು.

ಮೂವತ್ತೊಂದು ಗಿಡದ ಎಲೆ ಮೂವತ್ತೊಂದು ಪೊಟ್ಟಣದಲ್ಲಿ ಹಾಕಿ, ನೀನು ಕಳಿಸಿದ ನೀಲಿ ಹರಳು ಒಂದೊಂದರಲ್ಲಿ ಒಂದೊಂದು ಚಮಚ ಹಾಕಿ, ಔರಾದದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟಿದ್ದೇನೆ. ಹರಳು ಗುಲಾಬಿ ಆದರೆ ತೇವ ಬಂತು ಎಂದು ತಿಳಿ ಎಂದು ನೀನು ಹೇಳಿದ್ದೆ. ಕೊಡುವಾಗ ನೀಲಿಯೇ ಇದ್ದವು. ದಾರಿಯಲ್ಲಿ ಗುಲಾಬಿ ಆದರೆ ನಾನು ಏನು ಮಾಡಲಿ? ಕಂಡಕ್ಟರ ಅದರ ಮೇಲೆ ನೀರಿನ ಬಾಟಲಿ ಇಟ್ಟ. ನಾನು ಹೇಳಿದೆ, ಅವನು ನಕ್ಕ.

ಇಪ್ಪತ್ತೇಳರ ಬಗ್ಗೆ ಬರೆಯಬೇಕು. ಈ ಬರಗಾಲದ ಕೆಲಸ ಎಂದು ಗಾಯರಾಣದಲ್ಲಿ ಕೆರೆ ತೋಡುತ್ತಾರಂತೆ. ಒಡ್ಡಿನ ಗೆರೆ ಸರಿಯಾಗಿ ಆ ಗಿಡದ ಮೇಲೆ ಬಂದಿದೆ. ಇಂಜಿನಿಯರ ಸಾಹೇಬರು ಬಂದಾಗ ನಾನು ಹೋಗಿ ಕೈ ಮುಗಿದೆ.

"ಬಾಯಿ, ಬಾರಿ ಗಿಡ ಊರ ತುಂಬ ಅವ. ಇದರದೇನು ವಿಶೇಷ?" ಅಂದರು.

"ಸಾಹೇಬ್ರ, ಎಪ್ಪತ್ತೆರಡರಾಗ ನಮ್ಮನ್ನ ಬದುಕಿಸಿದ್ದು ಇದೇ ಗಿಡರಿ."

"ಅದನ್ನ ನಾ ಫೈಲಿನಾಗ ಹ್ಯಾಂಗ ಬರೀಲಿ? ನಿನ್ನ ತಮ್ಮ ಕಾಲೇಜಿನಾಗ ಇದೇ ಕೆಲಸ ಮಾಡ್ತಾನಂತಲ್ಲ. ಇದು ಅಪರೂಪದ ಕಾಡ ಗಿಡ ಅಂತ ಅವರು ಬರದು ಕೊಡ್ಲಿ. ಗೆರಿ ಮೂವತ್ತು ಫೂಟು ಸರಸ್ತೀನಿ. ಇಲ್ಲಾಂದ್ರ ನನ್ನ ಕೈಯಾಗ ಏನಿಲ್ಲ."

ಅಂದರೆ ಈಗ ಎಲ್ಲ ನಿನ್ನ ಕೈಯಲ್ಲಿದೆ. ಅದಕ್ಕೇ ಆ ಪೊಟ್ಟಣಕ್ಕೆ ನಾನು ಬಹಳ ಜೋಪಾನ ಮಾಡಿದೆ. ಆ ಗಿಡದ ಎಲೆಗಳೆಲ್ಲ ಸಣ್ಣವು, ಧೂಳು ಹಿಡಿದು ತೂತು ಬಿದ್ದಿದ್ದವು. ಮೂಡಣ ಕಡೆಯ ಒಂದು ಕೊಂಬೆ ಮಾತ್ರ ಚೆಂದ ಇತ್ತು, ಎಲೆ ಅಗಲ, ಹೊಳಪು. ನಿನ್ನ ಸಾಹೇಬರ ಮುಂದೆ ನಿನ್ನ ಮಾನ ಹೋಗಬಾರದೆಂದು ಅದರಿಂದಲೇ ಹರಿದೆ. ನೀನು ಏಳೇಳು ಎಳೆ ಎಲೆ ಎಂದಿದ್ದೆ. ಆರು ಸಿಕ್ಕವು. ಏಳನೆಯದಕ್ಕೆ ಕೆಳಗಿನ ಒಂದು ಸಣ್ಣ ಎಲೆ ಸೇರಿಸಿದೆ, ಲೆಕ್ಕ ತಪ್ಪಬಾರದಲ್ಲ. ಆ ಚೆಂದದ ಕೊಂಬೆ ಹೂ ಬಿಟ್ಟು ಉದುರಿಸುತ್ತದೆ, ಕಾಯಿ ಹಿಡಿಯುವುದಿಲ್ಲ. ಉಳಿದ ಗಿಡ ಈ ಬರದಲ್ಲೂ ಕಾಯಿ ಹಿಡಿದಿದೆ, ಬಟಾಣಿಯಷ್ಟು.

ನೀನು ಒಂದು ಸಲ ಬಂದು ನೋಡಿದ್ದರೆ ನನಗೆ ಜೀವ ತಣ್ಣಗಾಗುತ್ತಿತ್ತು. ಕೆಲಸ ಇರುತ್ತದೆ, ಗೊತ್ತು.

ನಿನ್ನ ಅಕ್ಕ
ಕೇಶರಬಾಯಿ

ಹರಳು ಯಾವ ಬಣ್ಣದಲ್ಲಿ ಮುಟ್ಟಿದವು ಎಂದು ತಪ್ಪದೆ ಬರೆ.


ಬೀದರ
12 ಡಿಸೆಂಬರ್ 2002

ಅಕ್ಕನಿಗೆ ನರಸಿಂಗನ ಜೈ ಭೀಮ.

ಹರಳು ನೀಲಿಯಾಗಿಯೇ ಮುಟ್ಟಿವೆ. ಪೊಟ್ಟಣ ಮೂವತ್ತೊಂದೂ ಬಂದಿವೆ. ಕನಸಿನ ಚಿಂತೆ ಬಿಡು.

ಎಲೆಯಿಂದ ಏನು ಗೊತ್ತಾಗುತ್ತದೆ ಎಂದು ನೀನು ಹಿಂದೆ ಒಮ್ಮೆ ಕೇಳಿದ್ದೆ. ನಾನು ಅವಸರದಲ್ಲಿ ಏನೋ ಹೇಳಿದ್ದೆ. ಎಲೆಯನ್ನು ಅರೆದು, ತೊಳೆದು, ಅದರ ಜೀವದ ಎಳೆಯನ್ನು ಬೇರೆ ಮಾಡುತ್ತೇವೆ. ಗಿಡ ತನ್ನ ತಾಯಿ ತಂದೆಯಿಂದ ಪಡೆದದ್ದೆಲ್ಲ ಆ ಎಳೆಯಲ್ಲಿ ಇರುತ್ತದೆ. ಅದರಲ್ಲಿ ಕೆಲವು ಗುರುತಿನ ಜಾಗಗಳನ್ನು ಹುಡುಕಿ, ಅವನ್ನೇ ಲಕ್ಷ ಲಕ್ಷ ಪಾಲು ಹೆಚ್ಚಿಸಿ, ತೆಳ್ಳಗಿನ ಗಂಜಿಯಂಥ ಒಂದು ಹಲಗೆಯ ಮೇಲೆ ಕರೆಂಟಿನಿಂದ ಓಡಿಸುತ್ತೇವೆ. ನೇರಳೆ ಬೆಳಕಿನಲ್ಲಿ ನೋಡಿದರೆ ಏಣಿಯ ಮೆಟ್ಟಿಲಿನಂತೆ ಪಟ್ಟಿಗಳು ಕಾಣುತ್ತವೆ. ಎರಡು ಗಿಡದ ಪಟ್ಟಿ ಒಂದೇ ಆದರೆ ಅವು ಒಂದೇ ಗಿಡದ ತುಂಡುಗಳು. ಬೇರೆಯಾದಷ್ಟೂ ದೂರದ ನೆಂಟರು. ಎಲೆ ಚೆಂದ ಇದ್ದರೂ ಒಂದೇ, ತೂತು ಇದ್ದರೂ ಒಂದೇ. ಮಾನದ ಮಾತು ಇದರಲ್ಲಿ ಇಲ್ಲ.

ತೋಟದ ಬಾರಿ ಮೂರು ವರ್ಷದ ಬರದಲ್ಲಿ ಒಣಗಿತು, ಕಾಡಿನದು ಒಣಗಲಿಲ್ಲ. ಆ ಗಟ್ಟಿತನ ಎಲ್ಲಿದೆ ಎಂದು ಹುಡುಕುವುದು ನಮ್ಮ ಕೆಲಸ. ಡಾಬಕಾ, ಜನವಾಡ, ಭಾಲ್ಕಿ ಕಡೆಯಿಂದ ಒಟ್ಟು ಅರವತ್ತೆರಡು ಕಾಡು ಗಿಡ ಆರಿಸಿದ್ದೇವೆ. ಹೋಲಿಸಿ ನೋಡಲು, ಬೀದರ ಪಕ್ಕದ ಅಷ್ಟೂರ ತೋಟ ಒಣಗುವ ಮುಂಚೆ ತೆಗೆದಿಟ್ಟ ನಾಲ್ಕು ಗಿಡದ ಎಲೆ. ಕರೆಂಟು ದಿನಕ್ಕೆ ಐದು ತಾಸು ಇರುತ್ತದೆ, ಹಾಗಾಗಿ ತಡ. ಫಲಿತಾಂಶ ಬಂದ ಕೂಡಲೇ ಇಂಜಿನಿಯರರಿಗೆ ನಾನೇ ಬರೆಯುತ್ತೇನೆ.

ಬರಲು ಆಗುವುದಿಲ್ಲ. ಭಾಲ್ಕಿ ಕಡೆಯ ಗಿಡಗಳು ಇನ್ನೂ ಬಾಕಿ ಇವೆ.

ನಿನ್ನ ತಮ್ಮ
ನರಸಿಂಗ


ಡಾಬಕಾ
5 ಜನವರಿ 2003

ತಮ್ಮಾ,

ನಾಡಿದ್ದು ನಾವು ಹೊರಡುತ್ತೇವೆ. ಇಲ್ಲಿಂದ ಟೆಂಪೋದಲ್ಲಿ ಭಾಲ್ಕಿಗೆ, ಅಲ್ಲಿಂದ ರೈಲು, ಹೈದರಾಬಾದಿನ ಆಚೆ ಇಟ್ಟಂಗಿ ಭಟ್ಟಿಗೆ. ನಿನ್ನ ಭಾವ, ಭಟ್ಟಿಗೆ ಕೂಲಿಯವರನ್ನು ಒಯ್ಯುವ ಮಾಣಿಕ ಮುಕಾದಮನಿಗೆ ಮಾತು ಕೊಟ್ಟಿದ್ದಾರೆ. ಮಳೆ ಬಿದ್ದು ಭಟ್ಟಿ ನಿಲ್ಲುವ ತನಕ ಯಾರೂ ಬಿಟ್ಟು ಬರುವಂತಿಲ್ಲ. ನಮ್ಮ ಓಣಿಯಲ್ಲಿ ಹನ್ನೊಂದು ಮನೆಗೆ ಕೀಲಿ ಬಿದ್ದಿದೆ. ಬಾವಿಯಲ್ಲಿ ಕೊಡ ಇಳಿಸಿದರೆ ಕೆಸರಿನ ಸದ್ದು ಬರುತ್ತದೆ.

ನನಗೆ ಹೋಗುವುದರ ಭಯ ಅಲ್ಲ. ಇಲ್ಲಿ ಸುಣ್ಣದ ಗೆರೆ ಹಾಕಿ ಹೋಗಿದ್ದಾರೆ, ಅದರ ಭಯ. ಗೆರೆ ಗಿಡದ ಬೊಡ್ಡೆಯ ಮೇಲೇ ಹಾದು ಹೋಗಿದೆ. ಪಕ್ಕದ ಮನೆಯ ಕಾಂತಾಬಾಯಿ ಊರಲ್ಲೇ ಇರುತ್ತಾಳೆ, ಅವಳಿಗೆ ಹೇಳಿದ್ದೇನೆ, ಕೊಡಲಿ ತಂದರೆ ಅಡ್ಡ ನಿಲ್ಲು ಎಂದು. ಅವಳು ಅಂದಳು, "ನಾ ಅಡ್ಡ ನಿಂತ್ರ ನನಗೂ ಒಂದು ನಂಬರ ಕಟ್ಟತೀಯೇನು?" ಅವಳಿಗೆ ಎಲ್ಲದಕ್ಕೂ ನಗೆ.

ನೀನು ಎಪ್ಪತ್ತೆರಡರ ಬರ ಕಂಡಿಲ್ಲ, ಹುಟ್ಟಿರಲಿಲ್ಲ. ನನಗೆ ಎಂಟು ವರ್ಷ. ಅವ್ವ ಆ ಗಿಡದ ಕಾಯಿ ಒಣಗಿಸಿ, ಬೀಜ ಸಹಿತ ಕುಟ್ಟಿ, ಹಿಟ್ಟು ಮಾಡಿ ನೀರಲ್ಲಿ ಕಲಸಿ ಕೊಡುತ್ತಿದ್ದಳು. ಹುಳಿ. ಗಂಟಲಲ್ಲಿ ಚುಚ್ಚುತ್ತಿತ್ತು. ಬೇರೆ ಬಾರಿ ಗಿಡ ಆ ವರ್ಷ ಕಾಯಿ ಬಿಡಲಿಲ್ಲ, ಇದೊಂದೇ ಬಿಟ್ಟಿತು. ಇದನ್ನು ನಾನು ಇಂಜಿನಿಯರರಿಗೆ ಹೇಳಿದೆ, ನಿನಗೆ ಹೇಳಿದೆ, ಇನ್ನು ಯಾರಿಗೆ ಹೇಳಲಿ? ನನ್ನ ಮಾತು ಕಾಗದ ಅಲ್ಲ. ನಾಲ್ಕನೆಯ ತರಗತಿಗೆ ಸಾಲಿ ಬಿಟ್ಟವಳ ಮಾತು ಯಾವ ಫೈಲಿನಲ್ಲಿ ಕೂಡುತ್ತದೆ. ನಿನ್ನದು ಕೂಡುತ್ತದೆ.

ಭಟ್ಟಿಯ ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಭಟ್ಟಿಯ ಮಾಲೀಕ ಸೇಠನ ಹೆಸರಿಗೆ ಬರೆದು ಕೆಳಗೆ ನಿನ್ನ ಭಾವನ ಹೆಸರು ಬರೆ. ದೊಡ್ಡ ಅಕ್ಷರ ಬರೆ.

ಕೇಶರಬಾಯಿ


ಬೀದರ
20 ಫೆಬ್ರವರಿ 2003

ಅಕ್ಕಾ,

ಫಲಿತಾಂಶ ಬಂದಿದೆ. ನಿನಗೆ ಬೇಸರ ಆಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇಪ್ಪತ್ತೇಳು ಕಾಡು ಗಿಡ ಅಲ್ಲ. ಹನ್ನೆರಡು ಬಗೆಯ ಗುರುತು ಹಾಕಿ ನೋಡಿದೆವು. ಹನ್ನೆರಡರಲ್ಲೂ ಅದರ ಪಟ್ಟಿಗಳು ಅಷ್ಟೂರ ತೋಟದ ಬಾರಿಯ ಪಟ್ಟಿಗಳೇ. ಒಂದು ಗೆರೆಯೂ ಹೆಚ್ಚುಕಡಿಮೆ ಇಲ್ಲ. ಬೀಜದಿಂದ ಹುಟ್ಟಿದ್ದರೆ ಸ್ವಲ್ಪವಾದರೂ ಬೇರೆ ಇರಬೇಕಿತ್ತು. ಹಾಗಾಗಿ ಯಾರೋ ತೋಟದಿಂದ ತಂದು ನೆಟ್ಟ ಗಿಡ ಎಂದೇ ಅರ್ಥ. ನಮ್ಮ ಸಾಹೇಬರು ಅದನ್ನು ಕಾಡು ಗಿಡಗಳ ಲೆಕ್ಕದಿಂದ ತೆಗೆದರು. ಈಗ ಅರವತ್ತೊಂದು ಉಳಿದಿವೆ.

ಇಂಜಿನಿಯರ ಕಚೇರಿಯಿಂದ ಎರಡು ಸಲ ನೆನಪಿನ ಪತ್ರ ಬಂದಿತ್ತು. ಸುಳ್ಳು ಬರೆಯಲು ಬರುವುದಿಲ್ಲ. ಈ ಗಿಡಕ್ಕೆ ಸಂಶೋಧನೆಯ ದೃಷ್ಟಿಯಿಂದ ವಿಶೇಷ ಮಹತ್ವ ಇಲ್ಲ ಎಂದು ಬರೆದು ಕಳಿಸಿದ್ದೇವೆ. ಕೆಳಗೆ ಸಹಿ ನನ್ನದು. ಅದನ್ನು ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ನಿನಗೆ ಗೊತ್ತಾಗಲಿ.

ಕೆರೆ ಆದರೆ ಊರಿಗೂ ನೀರು. ಹೀಗೆ ತಿಳಿದುಕೋ.

ನರಸಿಂಗ


ಇಟ್ಟಂಗಿ ಭಟ್ಟಿ, ಹೈದರಾಬಾದಿನ ಹತ್ತಿರ
6 ಮಾರ್ಚ್ 2003

ನರಸಿಂಗಾ,

ನಿನ್ನ ಪತ್ರ ಓದಿದೆ. ಎರಡನೆಯ ಸಲ ನಿನ್ನ ಭಾವನಿಂದ ಓದಿಸಿದೆ, ನಾನು ಎಲ್ಲಾದರೂ ತಪ್ಪು ಓದಿದೆನೋ ಎಂದು. ಅವರು ಓದಿ, "ನಿನ್ನ ತಮ್ಮ ಬರೋಬ್ಬರಿ ಬರದಾನ, ಕೆಟ್ಟ ಸುದ್ದಿ ಬರೋಬ್ಬರಿ ಬರದಾನ" ಅಂದರು.

ಯಾರೋ ತಂದು ನೆಟ್ಟದ್ದು ಎಂದು ಬರೆದಿದ್ದೀಯ. ಅಷ್ಟೂರ ತೋಟ ಆದದ್ದು ಯಾವಾಗ? ನಾನು ಮದುವೆಯಾದ ಮೇಲೆ. ಈ ಗಿಡ ನಮ್ಮ ಅಜ್ಜಿ ಕಂಡದ್ದು. ತೋಟ ಇಲ್ಲದ ಕಾಲದಲ್ಲಿ ತೋಟದ ಗಿಡ ಎಲ್ಲಿಂದ ಬಂತು? ನಿನ್ನ ಯಂತ್ರಕ್ಕೆ ಇದನ್ನು ಕೇಳಲು ಬರುವುದಿಲ್ಲವೇ? ಸಿಟ್ಟಿನಿಂದ ಬರೆಯುತ್ತಿಲ್ಲ. ನನ್ನಿಂದಲೇ ಏನೋ ತಪ್ಪಾಗಿದೆಯೇನೋ ಎಂದು ಬರೆಯುತ್ತಿದ್ದೇನೆ. ಅಷ್ಟೂರದ ಪೊಟ್ಟಣಕ್ಕೆ ನಮ್ಮ ನಂಬರು ಬಿತ್ತೋ? ಕಂಡಕ್ಟರನ ಸೀಟಿನ ಕೆಳಗೆ ಎರಡು ಚೀಲ ಇದ್ದವು. ಇಲ್ಲ, ಇನ್ನೊಂದು ಜೋಳದ ಚೀಲ. ನನಗೆ ಈಗ ಏನೂ ಖಾತ್ರಿ ಇಲ್ಲ.

ಇಲ್ಲಿ ದಿನಕ್ಕೆ ಸಾವಿರದ ಇನ್ನೂರು ಇಟ್ಟಂಗಿ ತಟ್ಟಬೇಕು. ಒಂದೊಂದು ಅಚ್ಚು ಮಗುಚಿದಾಗಲೂ ಆ ಪೊಟ್ಟಣ ಕಣ್ಣ ಮುಂದೆ ಬರುತ್ತದೆ. ನಾನು ಏನು ಹಾಕಿದೆ, ಹೇಗೆ ಮಡಚಿದೆ ಎಂದು.

ಉತ್ತರ ಬರೆ.

ಕೇಶರಬಾಯಿ


ಇಟ್ಟಂಗಿ ಭಟ್ಟಿ
19 ಮಾರ್ಚ್ 2003

ತಮ್ಮಾ, ಇದನ್ನು ಓದಿದ ಕೂಡಲೇ ಎದ್ದು ಹೋಗು. ಕೂತು ಓದಬೇಡ. ಆ ಗಿಡ ಕಡಿಯದಂತೆ ಇಂಜಿನಿಯರರಿಗೆ ಹೇಳು. ಕಾರಣ ಕೆಳಗೆ ಬರೆದಿದ್ದೇನೆ.

ಇಲ್ಲಿ ಸೇಠನ ಪೇರಲ ತೋಟದಲ್ಲಿ ಒಬ್ಬ ಮುದಿ ಮಾಲಿ ಇದ್ದಾನೆ. ಮೊನ್ನೆ ನೀರು ಕೇಳಲು ಹೋದೆ. ನನ್ನ ಮುಖವನ್ನೇ ನೋಡಿ ಪೈಪು ಕೆಳಗೆ ಬಿಟ್ಟ.

"ನೀ ಡಾಬಕಾದ ಕಾಶೀರಾಮನ ಮಗಳೇನು? ಅರೆ ಬೇಟಿ, ನಿಮ್ಮಪ್ಪನ ಹುಬ್ಬು ಹಂಗಾ ಕುಂತಾವ ನಿನ್ನ ಮ್ಯಾಲ!"

ಅವನು ನಬೀಸಾಬ. ಅಷ್ಟೂರ ತೋಟದಲ್ಲಿ ಇದ್ದವನು. ತೋಟ ಒಣಗಿದ ಮೇಲೆ ಇಲ್ಲಿಗೆ ಬಂದಿದ್ದಾನೆ. ಅಪ್ಪ ಕೊನೆಯ ವರ್ಷಗಳಲ್ಲಿ ಅಷ್ಟೂರಕ್ಕೆ ಕೂಲಿಗೆ ಹೋಗುತ್ತಿದ್ದನಲ್ಲ, ಅಲ್ಲಿ ಇವನೇ ಅಪ್ಪನಿಗೆ ಕಣ್ಣು ಕಟ್ಟುವುದನ್ನು ಕಲಿಸಿದ್ದಂತೆ. ಒಂದು ಗಿಡದ ಮೊಗ್ಗನ್ನು ತೊಗಟೆ ಸಹಿತ ಬಿಡಿಸಿ, ಇನ್ನೊಂದು ಗಿಡದ ತೊಗಟೆಯ ಒಳಗೆ ಕೂಡಿಸಿ ನಾರಿನಿಂದ ಕಟ್ಟುವುದು. ನಿನಗೆ ಇದು ಗೊತ್ತೇ ಇರುತ್ತದೆ. ನನಗೆ ಗೊತ್ತಿರಲಿಲ್ಲ.

ನಬೀಸಾಬ ಕೇಳಿದ, "ಆ ಕಣ್ಣು ಹತ್ತೇನು?"

"ಯಾವ ಕಣ್ಣು ಚಾಚಾ?"

"ಅರೆ, ನಿಮ್ಮ ಗಾಯರಾಣದ ಬಾರಿಗಿ ಕಟ್ಟಿದ್ದು! ನಿಮ್ಮಪ್ಪ ನಮ್ಮ ತೋಟದ ಕಡ್ಡಿ ಒದ್ದಿ ಅರಿವ್ಯಾಗ ಸುತ್ತಿಕೊಂಡು ಒಯ್ದಿದ್ದ. ಮೂಡಣ ಕಡಿಗಿ ಒಂದು ಟೊಂಗಿಗಿ ಕಟ್ಟೀನಿ ಅಂದಿದ್ದ. 'ನನ ಮಗ ಬೀದರನಾಗ ಗಿಡದ ಸಾಲಿ ಓದ್ಲತಾನ, ಸುಗ್ಗಿಗಿ ಬಂದಾಗ ತೋರಸ್ತೀನಿ. ಅಲ್ಲೀತನಕ ಮನ್ಯಾಗ ಯಾರಿಗೂ ಹೇಳಾಂಗಿಲ್ಲ' ಅಂತಿದ್ದ. ಖುಷಿಲಿಂದ ಕುಣೀತಿದ್ದ ಮುದುಕ."

ನರಸಿಂಗಾ, ಆ ಚೆಂದದ ಕೊಂಬೆ. ನಾನು ಆರು ಎಲೆ ಹರಿದದ್ದು ಅಪ್ಪ ಕಟ್ಟಿದ ಕೊಂಬೆಯಿಂದ. ಗಿಡ ಬೇರೆ, ಆ ಕೊಂಬೆ ಬೇರೆ. ನಿನ್ನ ಯಂತ್ರ ಸುಳ್ಳು ಹೇಳಲಿಲ್ಲ, ನಾನು ಕೊಟ್ಟದ್ದು ಸುಳ್ಳು.

ಅಪ್ಪ ಆ ಸುಗ್ಗಿಯಲ್ಲೇ ಹೋದ. ನಿನಗೆ ಪರೀಕ್ಷೆ ಇತ್ತು. ಇದನ್ನು ಈಗ ಯಾಕೆ ಬರೆದೆನೋ ಗೊತ್ತಿಲ್ಲ. ಬರೆದದ್ದನ್ನು ಹೊಡೆದು ಹಾಕಿದರೆ ಕಾಗದ ಕೆಡುತ್ತದೆ.

ನಿನ್ನೆ ಹಾಜರಿ ಹಾಕಿಸಿ ಎಸ್‌ಟಿಡಿ ಬೂತಿಗೆ ನಡೆದು ಹೋದೆ. ನಿನ್ನ ಕಾಲೇಜಿನ ನಂಬರಿಗೆ ಹಚ್ಚಿದರೆ ಯಾರೋ ಎತ್ತಿದರು. ನೀನು ಭಾಲ್ಕಿಗೆ ಹೋಗಿದ್ದೀಯ, ತಿಂಗಳ ಕೊನೆಗೆ ಬರುತ್ತೀಯ ಅಂದರು. "ಇಪ್ಪತ್ತೇಳರ ಎಲಿ ತಪ್ಪಾಗ್ಯಾದ ಅಂತ ಹೇಳ್ರಿ" ಅಂದೆ. "ಏನು ತಪ್ಪಾಗ್ಯಾದ?" ಅಂದರು. ಎಲ್ಲಿಂದ ಶುರು ಮಾಡಬೇಕು ತಿಳಿಯಲಿಲ್ಲ. ಲೈನು ಹೋಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಇಂಜಿನಿಯರರಿಗೂ ಒಂದು ಕಾರ್ಡು ಹಾಕಿದ್ದೇನೆ. ಅದರಲ್ಲಿ ನನ್ನ ಅಕ್ಷರ ನೋಡಿ ಓದುತ್ತಾರೋ ಇಲ್ಲವೋ.

ಕೇಶರಬಾಯಿ


ಬೀದರ
2 ಏಪ್ರಿಲ್ 2003

ಅಕ್ಕಾ,

ನಿನ್ನ ಎರಡೂ ಪತ್ರ ಮೊನ್ನೆ ಒಟ್ಟಿಗೆ ಕೈಗೆ ಬಂದವು. ನಾನು ಮೂರು ವಾರ ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಇದ್ದೆ. ಪತ್ರಗಳು ಮೇಜಿನ ಮೇಲೆ ಇದ್ದವು. ಫೋನಿನ ಸುದ್ದಿ ಯಾರೂ ಬರೆದಿಟ್ಟಿರಲಿಲ್ಲ.

ನಿನ್ನೆ ಡಾಬಕಾಕ್ಕೆ ಹೋಗಿದ್ದೆ. ನಾಲ್ಕು ವರ್ಷದ ಮೇಲೆ.

ಗಿಡ ಕಡಿದು ಹತ್ತು ದಿನ ಆಗಿತ್ತು.

ಮಾರ್ಚ್ ಇಪ್ಪತ್ತೆರಡಕ್ಕೆ ಎಂದಳು ಕಾಂತಾಬಾಯಿ. ನೀನು ಪತ್ರ ಡಬ್ಬಿಗೆ ಹಾಕಿದ ಮೂರನೆಯ ದಿನ. ನನ್ನನ್ನು ನೋಡಿ ಅವಳು ಬಾಗಿಲಿನಿಂದ ಏಳಲಿಲ್ಲ.

"ಈಗ ಬಂದೇನಪ್ಪಾ ಸಾಹೇಬಾ? ಗಿಡ ಇದ್ದಾಗ ನಿನಗ ದಾರಿ ಸಿಗಲಿಲ್ಲೇನು?"

"ನೀವು ತಡೀಲಿಲ್ಲೇನ್ರಿ ಚಿಗವ್ವಾ?"

"ತಡದೆ. ಕೊಡಲಿ ಮುಂದ ನಿಂತೆ. ಅವರು ಒಂದು ಕಾಗದ ತೋರಿಸಿದ್ರು. ಕೆಳಗ ಯಾರ ಸಹಿ ಅದ ಅಂತ ಓದಿಸಿದೆ. 'ಕಾಶೀರಾಮನ ಮಗ ನರಸಿಂಗ' ಅಂದ್ರು. ಮಗನೇ ಕಡೀರಿ ಅಂದ ಮ್ಯಾಲ ನಾ ಯಾವಾಕಿ?"

ಕಡಿಯಿರಿ ಎಂದು ನಾನು ಬರೆದಿರಲಿಲ್ಲ ಎಂದು ಅವಳಿಗೆ ಹೇಳಬೇಕೆಂದಿದ್ದೆ. ಹಾಗೇ ಗಾಯರಾಣಕ್ಕೆ ನಡೆದೆ.

ಬೊಡ್ಡೆ ಮೊಣಕಾಲೆತ್ತರ ಉಳಿದಿದೆ. ಕಟ್ಟಿಗೆ ಊರ ಒಲೆಗಳಿಗೆ ಹೋಗಿದೆ. ನಂಬರಿನ ತಗಡು ಕಾಂತಾಬಾಯಿಯ ಹತ್ತಿರ ಇತ್ತು, ಕೊಟ್ಟಳು. ಕೆಲಸದವರು ಬುಟ್ಟಿಯಲ್ಲಿ ಮಣ್ಣು ಸುರಿಯುತ್ತ ಬರುತ್ತಿದ್ದಾರೆ. ಔರಾದದಲ್ಲಿ ಇಂಜಿನಿಯರರನ್ನು ಕಂಡೆ. ನಿನ್ನ ಕಾರ್ಡು ಅವರ ಮೇಜಿನ ಗಾಜಿನ ಕೆಳಗೆ ಇತ್ತು. "ಇದು ಇಪ್ಪತ್ತೈದಕ್ಕ ಬಂತರಿ. ನಾ ಏನು ಮಾಡ್ಲಿ?" ಅಂದರು. ಒಳ್ಳೆಯವರೇ.

ರಾತ್ರಿಯೇ ಬೀದರಿಗೆ ಬಂದು ಇಪ್ಪತ್ತೇಳರ ಪೊಟ್ಟಣ ತೆಗೆದೆ. ಮೇಲಿನ ಎರಡು ಎಲೆಗಳನ್ನು ಮಾತ್ರ ನಾವು ಅರೆದಿದ್ದೆವು. ಇನ್ನೂ ನಾಲ್ಕು ಅಗಲದವು ಇದ್ದವು. ತಳದಲ್ಲಿ ಹರಳಿನ ನಡುವೆ ಒಂದು ಸಣ್ಣ ದುಂಡನೆ ಎಲೆ, ತೊಟ್ಟಿನ ಹತ್ತಿರ ಜೋಡಿ ಮುಳ್ಳು, ಒಂದು ನೆಟ್ಟಗೆ, ಒಂದು ಕೊಕ್ಕೆಯಂತೆ ಬಾಗಿದ್ದು. ನಿನ್ನ ಏಳನೆಯ ಎಲೆ.

ನಿನ್ನ ನವೆಂಬರಿನ ಪತ್ರ ಮತ್ತೆ ಓದಿದೆ. ಎಲ್ಲ ಅದರಲ್ಲೇ ಇತ್ತು. ಕೊಂಬೆ ಬೇರೆ ಕಾಣುತ್ತದೆ ಎಂದು ನೀನು ಬರೆದಿದ್ದೆ, ಕಾಯಿ ಹಿಡಿಯುವುದಿಲ್ಲ ಎಂದು ಬರೆದಿದ್ದೆ, ಏಳನೆಯದು ಬೇರೆ ಕಡೆಯದು ಎಂದೂ ಬರೆದಿದ್ದೆ. ಗಿಡ ಓದಿದವನು ನಾನು. ಹರಳಿನ ಬಣ್ಣಕ್ಕೆ ಉತ್ತರ ಬರೆದು, ಉಳಿದದ್ದನ್ನು ನಿನ್ನ ಚಿಂತೆ ಎಂದು ಬಿಟ್ಟೆ.

ಆ ಎಲೆಯನ್ನು ಈಗ ಹಾಕುತ್ತೇನೆ. ಒಂದೇ ಎಲೆ. ಕೆಟ್ಟರೆ ಇನ್ನೊಂದಿಲ್ಲ.

ನರಸಿಂಗ


ಬೀದರ
6 ಮೇ 2003

ಅಕ್ಕಾ,

ನೀನು ಉತ್ತರ ಬರೆದಿಲ್ಲ. ಬರೆಯುವ ತನಕ ಕಾಯಬೇಕೆಂದಿದ್ದೆ, ಆದರೆ ಇದನ್ನು ಇಟ್ಟುಕೊಂಡು ಕೂರಲು ಆಗುತ್ತಿಲ್ಲ.

ಆ ಎಲೆ ಕೆಡಲಿಲ್ಲ. ಪಟ್ಟಿಗಳು ಬಂದವು. ಅಷ್ಟೂರದ ತೋಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಉಳಿದ ಅರವತ್ತೊಂದು ಕಾಡು ಗಿಡದಲ್ಲಿ ಯಾವುದಕ್ಕೂ ಇಲ್ಲದ ಮೂರು ಗೆರೆ ಅದಕ್ಕೆ ಇವೆ. ಮೂರು ಸಲ ಹಾಕಿ ನೋಡಿದೆ. ನಮ್ಮ ಸಾಹೇಬರು ಪಟ್ಟಿಗಳ ಫೋಟೋ ಬೆಳಕಿಗೆ ಹಿಡಿದು ಒಂದೊಂದು ಗೆರೆ ಎಣಿಸಿದರು. ಆಮೇಲೆ, "ಈ ಗಿಡದ ಇನ್ನಷ್ಟು ಎಲೆ ತಗೊಂಡು ಬಾ" ಅಂದರು. ಗಿಡ ಇಲ್ಲ ಸರ್ ಎಂದೆ. "ಕಡ್ಡಿ? ಬೀಜ?" ಅಂದರು. ಕಾಂತಾಬಾಯಿಯ ಹತ್ತಿರ ಕೇಳಿಸಿದ್ದೆ. ಈ ವರ್ಷದ ಕಾಯಿಯೆಲ್ಲ ಊರವರು ಬೀಜ ಸಹಿತ ಕುಟ್ಟಿ ತಿಂದಿದ್ದಾರೆ.

ಆ ಮೂರು ಗೆರೆಯಿಂದಲೇ ಅದು ಬರ ತಡೆಯಿತು ಎಂದು ಹೇಳಲು ಬರುವುದಿಲ್ಲ. ಅದು ಬೇರೆ ಎಂದಷ್ಟೇ ಹೇಳಬಹುದು. ಇನ್ನೂ ನೋಡಬೇಕಿತ್ತು.

ಒಡ್ಡು ಐದು ಅಡಿ ಎದ್ದಿದೆಯಂತೆ. ಮಳೆಗಾಲಕ್ಕೆ ಮೊದಲು ಮುಗಿಸುತ್ತಾರೆ. ಬೊಡ್ಡೆ ಅದರ ಅಡಿಯಲ್ಲಿ ಹೋಗಿರಬೇಕು.

ಫೋಟೋದ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಎಡಗಡೆಯಿಂದ ಎರಡನೆಯ ಸಾಲು ಅಪ್ಪ ಕಟ್ಟಿದ ಕೊಂಬೆ. ಮೂರನೆಯದು ಗಿಡ.

ಏನಾದರೂ ಬರೆ. ಬೈದಾದರೂ ಬರೆ.

ನರಸಿಂಗ


ಇಟ್ಟಂಗಿ ಭಟ್ಟಿ
24 ಮೇ 2003

ತಮ್ಮ ನರಸಿಂಗನಿಗೆ ಅಕ್ಕನ ಜೈ ಭೀಮ.

ಎರಡು ಪತ್ರ ಬರೆದು ಹರಿದೆ. ಮೂರನೆಯದು ಇದು. ಬೈಯಲು ಏನೂ ಇಲ್ಲ. ಚೆಂದದ ಎಲೆ ಕಳಿಸಿದವಳು ನಾನು.

ಫೋಟೋ ನೋಡಿದೆ. ನಬೀಸಾಬನಿಗೂ ತೋರಿಸಿದೆ. ಕನ್ನಡಕ ಏರಿಸಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ನನ್ನ ತೋಟ ಏನು? ನನ್ನ ತೋಟದ್ದು ಈಗ ಇಷ್ಟಾ ಉಳದದ?" ಎಂದು ಕೇಳಿದ. ಹೌದು ಎಂದೆ. ಮೂರನೆಯ ಸಾಲಿನಲ್ಲಿ ಮೂರು ಗೆರೆ ಯಾವುದು ಎಂದು ನನಗೆ ತಿಳಿಯಲಿಲ್ಲ. ಎಲ್ಲ ಒಂದೇ ಥರ ಕಂಡವು. ಅದನ್ನು ಮಡಚಿ ಟ್ರಂಕಿನಲ್ಲಿ ಅಪ್ಪನ ಫೋಟೋದ ಹಿಂದೆ ಇಟ್ಟಿದ್ದೇನೆ. ಸೆಖೆಗೆ ಅಂಟಿಕೊಳ್ಳುತ್ತದೋ ಏನೋ ಎಂದು ನಡುವೆ ಪೇಪರು ಹಾಕಿದ್ದೇನೆ.

ಈಗ ಕೇಳು. ಮೊನ್ನೆ ನಮ್ಮೂರಿನಿಂದ ಇನ್ನೊಂದು ಕುಟುಂಬ ಭಟ್ಟಿಗೆ ಬಂತು. ಕಾಂತಾಬಾಯಿ ಅವರ ಕೈಯಲ್ಲಿ ಮಾತು ಕಳಿಸಿದ್ದಾಳೆ. ಒಡ್ಡಿನ ಬುಡದಲ್ಲಿ, ಬೊಡ್ಡೆ ಇದ್ದ ಕಡೆ, ಮಣ್ಣು ಸೀಳಿಕೊಂಡು ಚಿಗುರು ಬಂದಿದೆಯಂತೆ, ಗೇಣುದ್ದ. ಈ ಬಿಸಿಲಿನಲ್ಲಿ. ನಬೀಸಾಬ ಹೇಳಿದ, ಬಾರಿಯ ಬೇರು ದೂರ ಹೋಗುತ್ತದೆ, ಮೇಲೆ ಕಡಿದರೆ ಪಕ್ಕದಿಂದ ಎದ್ದು ಬರುತ್ತದೆ, ಮತ್ತು ಬೇರಿನಿಂದ ಬಂದದ್ದು ಗಿಡದ್ದೇ ಇರುತ್ತದೆ, ಕಟ್ಟಿದ ಕಣ್ಣಿನದು ಅಲ್ಲ. ಇದು ಖರೆಯೇ? ನೀನು ಓದಿದವನು ಹೇಳು.

ಆದರೆ ನನಗೆ ನಂಬಿಕೆ ಬರುತ್ತಿಲ್ಲ. ಕಾಂತಾಬಾಯಿಯ ಕಣ್ಣಿಗೆ ಪೊರೆ ಬಂದಿದೆ, ಅವಳು ಜಾಲಿ ಚಿಗುರನ್ನೂ ಬಾರಿ ಎಂದಾಳು. ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಿ ಕಳಿಸಿದರೂ ಕಳಿಸಿದ್ದಾಳು. ಬಂದವರನ್ನು ಕೇಳಿದೆ, ನೀವು ಕಣ್ಣಾರೆ ಕಂಡಿರೇನು ಎಂದು. "ನಮಗ ಅದನ್ನ ನೋಡಲಕ ಎಲ್ಲಿ ಟೈಮವ್ವಾ" ಅಂದರು. ಒಡ್ಡಿನ ಯಾವ ಬದಿಗೆ ಎಂದು ಕೇಳಿದೆ. ನೀರು ನಿಲ್ಲುವ ಒಳಬದಿಗೋ, ಹೊರಬದಿಗೋ? ಅವರಿಗೆ ಗೊತ್ತಿಲ್ಲ. ಬುಡದಲ್ಲಿ ಎಂದಷ್ಟೇ ಗೊತ್ತು.

ಹೊರಬದಿಗೆ ಇದ್ದರೆ ಬದುಕುತ್ತದೆ. ಒಳಬದಿಗೆ ಇದ್ದರೆ ಮೊದಲ ದೊಡ್ಡ ಮಳೆಗೆ ಮುಳುಗುತ್ತದೆ. ನಾನೇ ಬಂದು ನೋಡೋಣ ಎಂದರೆ ಮಳೆ ಬಿದ್ದು ಭಟ್ಟಿ ನಿಲ್ಲಬೇಕು. ಮಳೆ ಬಿದ್ದ ಮೇಲೆ ನಾನು ಬಂದು ನೋಡುವುದು ನೀರನ್ನೇ. ಮೂರು ವರ್ಷ ದಿನಾ ಬೆಳಿಗ್ಗೆ ಮುಗಿಲು ನೋಡಿ "ಮಳೆಯೇ, ಬಾ" ಎಂದು ಕರೆದ ಬಾಯಿ ಇದು. ನಿನ್ನೆ ಸಂಜೆ ಇಲ್ಲಿ ಪಡುವಣದಲ್ಲಿ ಮೋಡ ಕಟ್ಟಿತು. ಎಲ್ಲರೂ ಅಚ್ಚು ಬಿಟ್ಟು ಎದ್ದು ನಿಂತು ನಕ್ಕರು, ನಿನ್ನ ಭಾವ ಟವೆಲ್ ಬೀಸಿದರು. ನಾನು ಬಗ್ಗಿ ಮಣ್ಣು ಕಲಸುತ್ತಲೇ ಇದ್ದೆ. ಬೇಡ ಅನ್ನಲೂ ಆಗಲಿಲ್ಲ, ಬಾ ಅನ್ನಲೂ ಆಗಲಿಲ್ಲ.

ಮೋಡ ಹಾಗೇ ಹೋಯಿತು.

ನೀನು ಒಂದು ದಿನ ಬಿಡುವು ಮಾಡಿಕೊಂಡು ಹೋಗು. ಕಾಂತಾಬಾಯಿ ಏನಾದರೂ ಅಂದರೆ ಅನ್ನಿಸಿಕೋ. ಚಿಗುರಿನ ತೊಟ್ಟಿಗೆ ಜೋಡಿ ಮುಳ್ಳು ಇದೆಯೋ, ಒಂದು ನೆಟ್ಟಗೆ ಒಂದು ಕೊಕ್ಕೆ, ಕೈಯಿಂದ ಮುಟ್ಟಿ ನೋಡು. ಚುಚ್ಚಿದರೂ ಚಿಂತೆ ಇಲ್ಲ. ಇದ್ದರೆ ಏಳು ಎಲೆ ತೆಗೆದುಕೊ, ಚೆಂದದ್ದು ಹುಡುಕಬೇಡ. ಇಷ್ಟು ಮಾಡಿ, ಒಡ್ಡಿನ ಮೇಲೆ ಹತ್ತಿ ನಿಂತು, ಅದು ನೀರಿನ ಬದಿಗೆ ಇದೆಯೋ ಹೊರಬದಿಗೆ ಇದೆಯೋ, ಅದೊಂದನ್ನು ಮಾತ್ರ ಒಂದು ಸಲ ನೋಡಿ, ಇಳಿದು, ಇನ್ನೊಂದು ಸಲ ಹತ್ತಿ ನೋಡು.

ನಿನ್ನ ಅಕ್ಕ
ಕೇಶರಬಾಯಿ